ಜಮ್‌ಶೇಟ್‌ಜಿ ಟಾಟಾ ಮತ್ತು ಜಪಾನಿನ ವರ್ತಕರು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ವಾಸಿಸುವ ನಮ್ಮಂಥವರಿಗೆ ಟಾಟಾ ಸಿಲ್ಕ್ ಫಾರಂ ಎಂದರೆ ಬಸವನಗುಡಿಯ ಅಂಚಿನ ಒಂದು ಬಸ್ ನಿಲ್ದಾಣ. ಹೊಸಕೆರೆಹಳ್ಳಿಯವನಾದ ನಾನು ಕಾಲೇಜಿಗೆ ಬರುವ ದಾರಿಯಲ್ಲಿ ಆ ಹೆಸರನ್ನು ಕಂಡಕ್ಟರರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅದು ಒಂದು ಕಾಲಕ್ಕೆ ನಿಜವಾಗಿಯೂ ರೇಷ್ಮೆಯ ತೋಟವಾಗಿತ್ತೆಂಬುದನ್ನೂ, ಅಲ್ಲಿ ಜಪಾನಿನಿಂದ ಬಂದ ದಂಪತಿಗಳು ನಮ್ಮವರಿಗೆ ಹುಳು ಸಾಕುವ ಹೊಸ ಕ್ರಮವನ್ನು ಕಲಿಸಿದರೆಂಬುದನ್ನೂ ಬಲ್ಲವರು ವಿರಳ. ಆ ತೋಟವನ್ನು ಮಾಡಿಸಿದ ಜಮ್‌ಶೇಟ್‌ಜಿ ನಸರ್‌ವಾನ್‌ಜಿ ಟಾಟಾ ಅವರನ್ನು ನಾವು ಉಕ್ಕಿನ ಕಾರ್ಖಾನೆಯ ಮೂಲಪುರುಷರೆಂದೂ, ನಮ್ಮ ನಗರದ ವಿಜ್ಞಾನಮಂದಿರದ ಸ್ಥಾಪಕರೆಂದೂ ಸ್ಮರಿಸುತ್ತೇವೆ. ಜಪಾನಿನೊಡನೆ ಅವರಿಗಿದ್ದ ವ್ಯಾಪಾರ ಸಂಬಂಧದ ಕಥೆ ಮಾತ್ರ ಮರೆತುಹೋದಂತಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅವರ ಜೀವನದ ಅತ್ಯಂತ ಬೋಧಪ್ರದವಾದ ಭಾಗ ಅದೇ ಎಂದು ತೋರುತ್ತದೆ. ಅಲ್ಲಿ ಅವರಿಗೆ ದೊರೆತದ್ದು ಗೆಲುವಲ್ಲ, ಸೋಲು. ಆ ಸೋಲಿನ ಕಾರಣವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಜಮ್‌ಶೇಟ್‌ಜಿಯವರು ೧೮೩೯ನೆಯ ಇಸವಿ ಮಾರ್ಚ್ ೩ರಂದು ಬರೋಡಾ ಸಂಸ್ಥಾನದ ನವಸಾರಿಯಲ್ಲಿ ಹುಟ್ಟಿದರು. ಅವರದು ಪಾರ್ಸಿ ಪುರೋಹಿತರ ಮನೆತನ. ತಂದೆ ನಸರ್‌ವಾನ್‌ಜಿಯವರು ಕುಲವೃತ್ತಿಯನ್ನು ಬಿಟ್ಟು ಮುಂಬಯಿಗೆ ಹೋಗಿ ವ್ಯಾಪಾರಕ್ಕೆ ಕೈಹಾಕಿದ್ದರು. ಮಗನನ್ನು ಎಲ್ಫಿನ್‌ಸ್ಟನ್ ಕಾಲೇಜಿಗೆ ಸೇರಿಸಿದರು. ೧೮೫೮ರಲ್ಲಿ ವ್ಯಾಸಂಗ ಮುಗಿಸಿ ಹೊರಬಂದ ತರುಣನು ಓದನ್ನು ಬಹಳವಾಗಿ ಪ್ರೀತಿಸುತ್ತಿದ್ದನಾದರೂ ಮರುವರ್ಷವೇ ತಂದೆಯ ಅಂಗಡಿಯ ಪರವಾಗಿ ಹಾಂಗ್‌ಕಾಂಗಿಗೆ ಹಡಗು ಹತ್ತಬೇಕಾಯಿತು. ಆ ಕಾಲದ ಮುಂಬಯಿ ವರ್ತಕರ ಪದ್ಧತಿಯಂತೆ ಇಲ್ಲಿಂದ ಹತ್ತಿಯೂ ಅಫೀಮೂ ಚೀನಾಕ್ಕೆ ಹೋಗುತ್ತಿದ್ದವು. ಅಲ್ಲಿಂದ ಚಹಾ, ರೇಷ್ಮೆ, ಕರ್ಪೂರ, ತಾಮ್ರ ಮೊದಲಾದುವು ಬರುತ್ತಿದ್ದವು. ಅಫೀಮಿನ ವ್ಯಾಪಾರವನ್ನು ಇಂದು ಯಾರೂ ಸಮರ್ಥಿಸಲಾರರು. ಆದರೆ ದೊಡ್ಡವರ ಚರಿತ್ರೆಯನ್ನು ಬರೆಯುವಾಗ ಇಂಥ ಸಂಗತಿಗಳನ್ನು ಮುಚ್ಚಿಡುವುದು ಸರಿಯಲ್ಲ.

ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಾಗ ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ೧೮೬೫ರಲ್ಲಿ ಯುದ್ಧ ಮುಗಿದೊಡನೆ ಆ ಬೆಲೆ ಪಾತಾಳಕ್ಕೆ ಕುಸಿಯಿತು. ಟಾಟಾ ಮನೆತನವೂ ಇತರ ಅನೇಕ ಮನೆತನಗಳಂತೆ ಕೈಸುಟ್ಟುಕೊಂಡಿತು. ಆಗ ಲಂಡನ್ನಿನಲ್ಲಿದ್ದ ಜಮ್‌ಶೇಟ್‌ಜಿಯವರು ಸಾಲಗಾರರಿಂದ ತಲೆಮರೆಸಿಕೊಳ್ಳದೆ ಅವರೆದುರು ಇದ್ದುದನ್ನು ಇದ್ದಂತೆ ಹೇಳಿ ನಂಬಿಕೆಯನ್ನು ಉಳಿಸಿಕೊಂಡರು. ೧೮೬೮ರಲ್ಲಿ ೨೧,೦೦೦ ರೂಪಾಯಿ ಬಂಡವಾಳದಿಂದ ತಮ್ಮದೇ ವ್ಯಾಪಾರ ಸಂಸ್ಥೆಯನ್ನು ತೆರೆದರು. ಅವರ ಎಲ್ಲ ಮುಂದಿನ ಕಾರ್ಯಗಳಿಗೂ ಆ ಮೊತ್ತವೇ ಬೀಜ. ವ್ಯಾಪಾರದಿಂದ ಕೈಗಾರಿಕೆಗೆ ಬಂದು ೧೮೭೭ರ ಜನವರಿ ೧ರಂದು ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ಆರಂಭಿಸಿದರು. ಹತ್ತಿ ಬೆಳೆಯುವ ಸ್ಥಳದಲ್ಲೇ ಗಿರಣಿ ಇರಬೇಕೆಂಬುದು ಅವರ ವಾದವಾಗಿತ್ತು. ಮುಂಬಯಿಯನ್ನು ಬಿಟ್ಟು ಒಳನಾಡಿಗೆ ಹೋದುದಕ್ಕೆ ನಕ್ಕವರು ಕೆಲವೇ ವರ್ಷಗಳಲ್ಲಿ ಅದರ ಲಾಭವನ್ನು ಕಂಡು ಬೆರಗಾದರು. ೧೮೮೬ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಸ್ವದೇಶಿ ಗಿರಣಿಯೂ ಅವರ ಕೈಸೇರಿತು.

ಈ ಗಿರಣಿಗಳ ನೂಲಿಗೆ ದೊಡ್ಡ ಗಿರಾಕಿ ಪೂರ್ವದೇಶಗಳು. ಹೀಗೆ ಟಾಟಾ ಸಂಸ್ಥೆಯ ಶಾಖೆಗಳು ಹಾಂಗ್‌ಕಾಂಗ್, ಶಾಂಘೈಗಳಲ್ಲಿಯೂ, ಮುಂದೆ ಜಪಾನಿನ ಕೋಬೆಯಲ್ಲಿಯೂ ಕೆಲಸ ಮಾಡುತ್ತಿದ್ದವು. ಆ ಕೆಲಸದ ಹೊಣೆಯನ್ನು ಬಹುಮಟ್ಟಿಗೆ ಹೊತ್ತವರು ಬಂಧುವಾದ ರತನ್‌ಜಿ ದಾದಾಭಾಯಿ ಟಾಟಾ ಅವರು.

ಈಗ ಜಪಾನಿನ ಕಡೆ ಸ್ವಲ್ಪ ದೃಷ್ಟಿ ಹಾಯಿಸೋಣ. ಬಹುಕಾಲ ಬಾಗಿಲು ಮುಚ್ಚಿಕೊಂಡಿದ್ದ ಆ ದೇಶ ೧೮೫೦ರ ದಶಕದಲ್ಲಿ ಪಾಶ್ಚಾತ್ಯರ ಯುದ್ಧನೌಕೆಗಳ ಭಯದಿಂದ ಬಂದರುಗಳನ್ನು ತೆರೆಯಿತು. ೧೮೬೮ರಲ್ಲಿ ಮೇಜಿ ಚಕ್ರವರ್ತಿಯ ಆಳ್ವಿಕೆ ಆರಂಭವಾದಾಗ ಅದರ ಹೊರನಾಡ ವ್ಯಾಪಾರವೆಲ್ಲ ಪರದೇಶೀ ವರ್ತಕರ ಕೈಯಲ್ಲಿತ್ತು. ಜಪಾನೀಯರಿಗೆ ಪರಭಾಷೆ ಬಾರದು, ಹಡಗಿಲ್ಲ, ವಿಮೆಯಿಲ್ಲ, ಯಾವ ಊರಿನಲ್ಲಿ ಯಾವ ಸರಕಿಗೆ ಯಾವ ಬೆಲೆ ಎಂಬ ಸುದ್ದಿಯೂ ಇಲ್ಲ. ಒಂದೊಂದು ಗಿರಣಿಯೂ ಒಂದೊಂದು ಅಂಗಡಿಯೂ ಇವನ್ನೆಲ್ಲ ತಾನೇ ಮಾಡಿಕೊಳ್ಳುವುದು ಸಾಧ್ಯವಿರಲಿಲ್ಲ. ಆದ್ದರಿಂದ ಎಲ್ಲರ ಪರವಾಗಿ ಕೊಳ್ಳುವ, ಮಾರುವ, ಸಾಲ ಕೊಡುವ, ಸುದ್ದಿ ತರುವ ಸಂಸ್ಥೆಗಳು ಅಲ್ಲಿ ಬೆಳೆದವು. ೧೮೭೬ರಲ್ಲಿ ಹುಟ್ಟಿದ ಮಿತ್ಸುಯಿ ಬುಸ್ಸಾನ್ ಇವುಗಳಲ್ಲಿ ಮುಖ್ಯವಾದುದು. ಇತೋ ಚೂಬೇ ಎಂಬಾತ ೧೮೫೮ರಲ್ಲಿ ನಾರುಬಟ್ಟೆಯನ್ನು ಊರೂರಿಗೆ ಒಯ್ದು ಮಾರಲು ಹೊರಟದ್ದೇ ಇಂದಿನ ಇತೋಚು, ಮರುಬೇನಿ ಎಂಬೆರಡು ದೊಡ್ಡ ಸಂಸ್ಥೆಗಳಿಗೆ ಮೂಲ. ಹತ್ತಿಯ ವ್ಯಾಪಾರಕ್ಕೆಂದೇ ೧೮೯೨ರಲ್ಲಿ ಒಸಾಕಾದಲ್ಲಿ ನಿಪ್ಪಾನ್ ಮೆಂಕಾ ಸ್ಥಾಪಿತವಾಯಿತು. ಗುಂಡುಸೂಜಿಯಿಂದ ಹಡಗಿನವರೆಗೆ ಎಲ್ಲವನ್ನೂ ವ್ಯಾಪಾರ ಮಾಡುವ ಇಂಥ ಸಂಸ್ಥೆಗಳಿಗೆ ಮುಂದೆ ಸೋಗೊ ಶೋಶಾ ಎಂದು ಹೆಸರಾಯಿತು. ಸರ್ವವಸ್ತು ವ್ಯಾಪಾರ ಸಂಸ್ಥೆ ಎಂದು ನಾವು ಕನ್ನಡದಲ್ಲಿ ಕರೆಯಬಹುದು.

ಜಪಾನಿನಲ್ಲಿ ನೂಲಿನ ಗಿರಣಿಗಳು ಹೆಚ್ಚಿದಂತೆ ಅಲ್ಲಿಯ ಹತ್ತಿ ಸಾಲದೆ ಬಂದಿತು. ೧೮೮೯ರಲ್ಲಿ ಭಾರತದ ಹತ್ತಿಯನ್ನು ಪರೀಕ್ಷಿಸಲು ಅಲ್ಲಿಂದ ಒಂದು ನಿಯೋಗವೇ ಬಂದಿತು. ಮುಂಬಯಿಯಿಂದ ಜಪಾನಿಗೆ ಹತ್ತಿ ಹರಿಯತೊಡಗಿತು. ಆದರೆ ಹಡಗುಗಳು ಯಾರವು? ಇಂಗ್ಲಿಷರ ಪಿ. ಅಂಡ್ ಒ. ಕಂಪನಿ, ಆಸ್ಟ್ರಿಯಾ ಮತ್ತು ಇಟಲಿಯ ಕಂಪನಿಗಳು, ಈ ಮೂರೂ ಒಪ್ಪಂದ ಮಾಡಿಕೊಂಡು ತಾವು ಹೇಳಿದ್ದೇ ಬಾಡಿಗೆ ಎಂದು ನಡೆಸುತ್ತಿದ್ದವು. ದೊಡ್ಡ ಗಿರಾಕಿಗಳಿಗೆ ಗುಟ್ಟಾಗಿ ಸೋಡಿ ಸಿಕ್ಕುವುದೂ ಉಂಟಾಗಿತ್ತು. ಬೆಳೆದವನಿಗೂ ನೂತವನಿಗೂ ಸೇರಬೇಕಾದ ಲಾಭ ಸಮುದ್ರದ ಮೇಲೆಯೇ ಕರಗಿಹೋಗುತ್ತಿದೆ ಎಂಬುದನ್ನು ಜಮ್‌ಶೇಟ್‌ಜಿಯವರು ಕಂಡುಕೊಂಡರು.

೧೮೯೩ರಲ್ಲಿ, ತಮ್ಮ ೫೪ನೆಯ ವಯಸ್ಸಿನಲ್ಲಿ, ಅವರು ಜಪಾನಿಗೆ ಹೋದರು. ಅಲ್ಲಿ ನಿಪ್ಪಾನ್ ಯೂಸೆನ್ ಕೈಶಾ ಎಂಬ ಹಡಗು ಕಂಪನಿಯವರನ್ನು ಕಂಡರು. ಶಿಬುಸಾವಾ ಎಯಿಚಿ ಎಂಬ ಮಹಾ ಉದ್ಯಮಿಯನ್ನೂ ಕಂಡರು. ಶಿಬುಸಾವಾ ಇವರಿಗಿಂತ ಒಂದೇ ವರ್ಷ ಕಿರಿಯರು. ಜಪಾನಿನ ಮೊದಲ ಆಧುನಿಕ ಬ್ಯಾಂಕನ್ನು ೧೮೭೩ರಲ್ಲಿ ಕಟ್ಟಿದವರು, ಒಸಾಕಾ ನೂಲಿನ ಗಿರಣಿಗೆ ಕಾರಣಪುರುಷರು, ತಮ್ಮ ಜೀವಮಾನದಲ್ಲಿ ಸುಮಾರು ೫೦೦ ಸಂಸ್ಥೆಗಳಿಗೆ ಕೈ ನೀಡಿದವರು. ಇಬ್ಬರೂ ವ್ಯಾಪಾರವು ದೇಶದ ಏಳಿಗೆಗೆ ಸಾಧನವಾಗಬೇಕೆಂದು ನಂಬಿದವರು. ಇಂಥ ಇಬ್ಬರು ಒಂದೆಡೆ ಕುಳಿತು ಹಡಗಿನ ಬಾಡಿಗೆಯ ಮಾತಾಡಿದ್ದು ಏಷ್ಯದ ಆರ್ಥಿಕ ಚರಿತ್ರೆಯಲ್ಲಿ ಸಣ್ಣ ಘಟನೆಯಲ್ಲ. ಟಾಟಾ ಅವರೂ ಹಡಗು ನಡೆಸಿ ನಷ್ಟದಲ್ಲಿ ಸಮಭಾಗಿಯಾಗುವುದಾದರೆ ತಾವೂ ಹಡಗು ಕಳುಹಿಸುತ್ತೇವೆ ಎಂಬುದು ಜಪಾನಿನವರ ಷರತ್ತು. ಜಮ್‌ಶೇಟ್‌ಜಿಯವರು ಒಪ್ಪಿದರು. ಅದೇ ವರ್ಷ ಜಪಾನಿನಿಂದ ಅಮೆರಿಕದ ಕಡೆಗೆ ಹೊರಟ ಹಡಗಿನಲ್ಲಿ ಅವರಿಗೆ ಸ್ವಾಮಿ ವಿವೇಕಾನಂದರು ಸಹಪ್ರಯಾಣಿಕರಾಗಿ ದೊರೆತದ್ದನ್ನು ನಮ್ಮಲ್ಲಿ ಬಹಳ ಮಂದಿ ಕೇಳಿದ್ದೇವೆ. ಆ ಯಾತ್ರೆಗೆ ಹಿನ್ನೆಲೆಯಾಗಿ ಹತ್ತಿಯ ಮೂಟೆಗಳಿದ್ದವೆಂಬುದನ್ನು ಮಾತ್ರ ಕೇಳಿದವರು ಕಡಮೆ.

೧೮೯೩ರ ನವೆಂಬರಿನಲ್ಲಿ ಜಪಾನಿನ ಹಿರೋಷಿಮಾ ಮಾರು ಎಂಬ ಹಡಗು ಕೋಬೆಯಿಂದ ಮುಂಬಯಿಗೆ ಹೊರಟಿತು. ಆ ದೇಶದವರು ದೂರದೇಶಕ್ಕೆ ಕ್ರಮವಾಗಿ ನಡೆಸಿದ ಹಡಗಿನ ಮಾರ್ಗಗಳಲ್ಲಿ ಇದೇ ಮೊದಲನೆಯದು. ಇತ್ತ ಟಾಟಾ ಅವರು ಆನಿ ಬ್ಯಾರೋ, ಲಿಂಡಿಸ್‌ಫಾರ್ನ್ ಎಂಬ ಎರಡು ಹಡಗುಗಳನ್ನು ಬಾಡಿಗೆಗೆ ಹಿಡಿದು ಟಾಟಾ ಲೈನ್ ಆರಂಭಿಸಿದರು. ಟನ್ನಿಗೆ ೧೨ ರೂಪಾಯಿ ದರ ಗೊತ್ತುಮಾಡಿದರು. ಎದುರಾಳಿಗಳು ಸುಮ್ಮನಿರುವರೆ? ಪಿ. ಅಂಡ್ ಒ. ಕಂಪನಿ ತನ್ನ ದರವನ್ನು ಟನ್ನಿಗೆ ಒಂದೂವರೆ ರೂಪಾಯಿಗೆ ಇಳಿಸಿತು. ಜಪಾನಿಗೆ ಹತ್ತಿಯನ್ನು ಬಾಡಿಗೆಯಿಲ್ಲದೆಯೇ ಒಯ್ಯುತ್ತೇನೆಂದಿತು. ಕಲ್ಲಿದ್ದಲಿನ ಖರ್ಚೂ ಹುಟ್ಟದ ದರವದು. ಟಾಟಾ ಅವರನ್ನು ಸಮುದ್ರದಿಂದ ಓಡಿಸಿದ ಮೇಲೆ ಬಡ್ಡಿಸಹಿತ ವಸೂಲು ಮಾಡಬಹುದೆಂಬ ಎಣಿಕೆ ಅದರ ಹಿಂದಿತ್ತು.

ಇಲ್ಲಿ ಕಥೆಯ ತಿರುಳಿದೆ. ಕಡಮೆ ಬಾಡಿಗೆಗಾಗಿ ಹಂಬಲಿಸುತ್ತಿದ್ದ ಮುಂಬಯಿಯ ವರ್ತಕರೇ, ಟಾಟಾ ಲೈನಿನ ಜೊತೆ ನಿಲ್ಲುತ್ತೇವೆಂದವರೇ, ಆ ಅಗ್ಗದ ದರಕ್ಕೆ ಸೋತು ಒಬ್ಬೊಬ್ಬರಾಗಿ ಎದುರು ಪಕ್ಷಕ್ಕೆ ಜಾರಿದರು. ಜಮ್‌ಶೇಟ್‌ಜಿಯವರು ಕರಪತ್ರ ಬರೆದು ಹಂಚಿದರು. ಸರ್ಕಾರಕ್ಕೆ ದೂರು ಸಲ್ಲಿಸಿದರು. ಪಿ. ಅಂಡ್ ಒ. ಕಂಪನಿಗೆ ಅಂಚೆ ಒಯ್ಯುವುದಕ್ಕಾಗಿ ಸರ್ಕಾರದ ಸಹಾಯಧನ ಸಲ್ಲುತ್ತಿತ್ತು; ಭಾರತೀಯನ ಎರಡು ಬಾಡಿಗೆ ಹಡಗುಗಳಿಗಾಗಿ ಅದನ್ನು ತಡೆಯುವವರು ಯಾರು? ತಿಂಗಳು ತಿಂಗಳಿಗೆ ನಷ್ಟ ಬೆಳೆಯಿತು. ಕಡೆಗೆ ಹಡಗುಗಳನ್ನು ಹಿಂದಿರುಗಿಸಿ ಟಾಟಾ ಲೈನನ್ನು ಮುಚ್ಚಬೇಕಾಯಿತು. ಬಳಿಕ ಬಾಡಿಗೆ ಮತ್ತೆ ಏರಿತು ಎಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಜಪಾನಿನ ಹಡಗುಗಳು ನಿಲ್ಲಲಿಲ್ಲ. ಅಲ್ಲಿಯ ಗಿರಣಿ ಮಾಲೀಕರ ಸಂಘ ತಮ್ಮ ಹತ್ತಿಯನ್ನು ತಮ್ಮ ಹಡಗಿನಲ್ಲಿಯೇ ತರಿಸುವೆವೆಂದು ಕರಾರು ಮಾಡಿಕೊಂಡಿತ್ತು. ಎದುರಾಳಿಯ ದರ ಎಷ್ಟೇ ಇಳಿದರೂ ಅವರು ಆ ಮಾತನ್ನು ಬಿಡಲಿಲ್ಲ. ಮಿತ್ಸುಯಿಯಂಥ ವ್ಯಾಪಾರ ಸಂಸ್ಥೆಗಳು ಮುಂಬಯಿಗೇ ಬಂದು ನೆಲೆಯೂರಿ ಹತ್ತಿಯನ್ನು ಕೊಂಡು ಆ ಹಡಗುಗಳನ್ನು ತುಂಬಿಸಿದವು. ಜಪಾನ್ ಸರ್ಕಾರ ೧೮೯೬ರಲ್ಲಿ ಹತ್ತಿಯ ಮೇಲಿನ ಆಮದು ಸುಂಕವನ್ನೇ ತೆಗೆದುಹಾಕಿತು. ದೂರ ಪ್ರಯಾಣದ ಹಡಗುಗಳಿಗೆ ಪ್ರೋತ್ಸಾಹಧನದ ಶಾಸನವನ್ನೂ ಅದೇ ವರ್ಷ ತಂದಿತು. ಆ ವರ್ಷವೇ ಪಿ. ಅಂಡ್ ಒ. ಕಂಪನಿ ಜಪಾನಿನವರನ್ನು ಸಮಾನರೆಂದು ಒಪ್ಪಿ ರಾಜಿಯಾಯಿತು. ಒಂದೇ ಸಮುದ್ರ, ಒಂದೇ ಸರಕು, ಒಬ್ಬನೇ ಎದುರಾಳಿ. ಒಂದು ಪಕ್ಷ ಗೆದ್ದಿತು, ಇನ್ನೊಂದು ಸೋತಿತು. ಬುದ್ಧಿಯಲ್ಲಾಗಲಿ ಧೈರ್ಯದಲ್ಲಾಗಲಿ ಜಮ್‌ಶೇಟ್‌ಜಿಯವರು ಯಾವ ಜಪಾನೀಯನಿಗೂ ಕಡಮೆಯಾಗಿರಲಿಲ್ಲ. ಆದರೆ ಅವರ ಬೆನ್ನ ಹಿಂದೆ ಒಂದಾಗಿ ನಿಲ್ಲುವ ವರ್ತಕರಿರಲಿಲ್ಲ. ತಮ್ಮದೆನ್ನಬಹುದಾದ ಸರ್ಕಾರವೂ ಇರಲಿಲ್ಲ. ಒಂದು ಕೈಯಲ್ಲಿ ಚಪ್ಪಾಳೆಯಾಗದೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಸೋತವರು ಮುನಿಸಿಕೊಂಡು ಕೂರುವುದು ಲೋಕರೂಢಿ. ಜಮ್‌ಶೇಟ್‌ಜಿಯವರ ದೊಡ್ಡತನ ಇರುವುದು ಅವರು ಹಾಗೆ ಮಾಡದಿದ್ದುದರಲ್ಲಿ. ಜಪಾನಿನಲ್ಲಿ ಕಂಡ ಒಳ್ಳೆಯದನ್ನು ಇಲ್ಲಿಗೆ ತರುವುದಕ್ಕೆ ಅವರು ತೊಡಗಿದರು. ಮೈಸೂರು ಸೀಮೆಗೆ ರೇಷ್ಮೆ ಟಿಪ್ಪುಸುಲ್ತಾನನ ಕಾಲದಿಂದ ಬಂದದ್ದು. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಳುಗಳಿಗೆ ರೋಗ ತಗುಲಿ ಉದ್ಯಮ ಕ್ಷೀಣಿಸಿತ್ತು. ಆಗ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರ ನೀಡಿದ ಭೂಮಿ ಮತ್ತು ಸಹಾಯಧನಗಳಿಂದ, ಶತಮಾನದ ಕೊನೆಯ ವರ್ಷಗಳಲ್ಲಿ ಅವರು ಬಸವನಗುಡಿಯ ಬಳಿ ರೇಷ್ಮೆ ತೋಟವನ್ನು ಆರಂಭಿಸಿದರು. ಮೇಲ್ವಿಚಾರಣೆಗೆ ಓಡ್ಜು ಎಂಬ ಜಪಾನೀ ದಂಪತಿಗಳನ್ನು ಕರೆಸಿದರು. ಹಿಪ್ಪುನೇರಳೆಯನ್ನು ಬೆಳೆಯುವ ಕ್ರಮ, ಮೊಟ್ಟೆ ಇಟ್ಟ ಚಿಟ್ಟೆಯನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ ಗಂಟುರೋಗವಿಲ್ಲದ ಮೊಟ್ಟೆಯನ್ನು ಮಾತ್ರ ಉಳಿಸಿಕೊಳ್ಳುವ ವಿಧಾನ, ನೂಲು ಬಿಚ್ಚಾಣಿಕೆ, ಇವೆಲ್ಲವನ್ನೂ ಅಲ್ಲಿ ಕಲಿಸಲಾಗುತ್ತಿತ್ತು. ಲಾಭ ಅವರ ಗುರಿಯಾಗಿರಲಿಲ್ಲ. ಕಲಿತವರು ತಮ್ಮ ಊರಿಗೆ ಹೋಗಿ ಇತರರಿಗೆ ಕಲಿಸಲೆಂಬುದೇ ಆಶಯ. ಮುಂದೆ ಈ ತೋಟವನ್ನು ಕೆಲಕಾಲ ಸಾಲ್ವೇಷನ್ ಆರ್ಮಿಯವರು ನಡೆಸಿದರು. ಕ್ರಮೇಣ ಊರು ಬೆಳೆದು ತೋಟ ಕಾಣೆಯಾಯಿತು; ಹೆಸರು ಉಳಿಯಿತು.

೧೮೯೮ರಲ್ಲಿ ಅವರು ಉನ್ನತ ವಿಜ್ಞಾನ ಸಂಶೋಧನೆಗಾಗಿ ೩೦ ಲಕ್ಷ ರೂಪಾಯಿಯ ಆಸ್ತಿಯನ್ನು ಮುಡಿಪಾಗಿಡಲು ಮುಂದೆ ಬಂದರು. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ೩೭೧ ಎಕರೆ ಭೂಮಿಯನ್ನಿತ್ತಿತು. ಆದರೆ ಸಂಸ್ಥೆ ಸ್ಥಾಪಿತವಾದದ್ದು ೧೯೦೯ರಲ್ಲಿ. ಮೊದಲ ವಿದ್ಯಾರ್ಥಿಗಳು ಬಂದದ್ದು ೧೯೧೧ರಲ್ಲಿ. ಅಷ್ಟರಲ್ಲಿ ದಾನಿಯೇ ಇರಲಿಲ್ಲ. ೧೯೦೪ನೆಯ ಇಸವಿ ಮೇ ೧೯ರಂದು ಜರ್ಮನಿಯ ಬಾಡ್ ನೌಹೈಮಿನಲ್ಲಿ ಅವರು ದಿವಂಗತರಾದರು. ಉಕ್ಕಿನ ಕಾರ್ಖಾನೆಯ ಕಂಪನಿ ೧೯೦೭ರಲ್ಲಿ ಹುಟ್ಟಿತು; ಅದನ್ನೂ ಅವರು ಕಾಣಲಿಲ್ಲ.

ಅವರು ತೆರೆದ ಹಡಗಿನ ದಾರಿ ಎಲ್ಲಿಗೆ ಹೋಯಿತು ಎಂಬುದನ್ನು ನೋಡಿದರೆ ಬದುಕಿನ ವೈಚಿತ್ರ್ಯ ತಿಳಿಯುತ್ತದೆ. ನಮ್ಮ ಹತ್ತಿಯನ್ನು ಒಯ್ದ ಜಪಾನು ಮೊದಲು ನಮ್ಮ ನೂಲನ್ನು ತನ್ನ ಮಾರುಕಟ್ಟೆಯಿಂದ ಹೊರಹಾಕಿತು. ಬಳಿಕ ಚೀನಾದ ಮಾರುಕಟ್ಟೆಯಲ್ಲಿಯೂ ನಮಗೆ ಪ್ರತಿಸ್ಪರ್ಧಿಯಾಯಿತು. ಕಡೆಗೆ ನಮ್ಮ ಹತ್ತಿಯ ಬಟ್ಟೆಯನ್ನು ನಮಗೇ ಮಾರತೊಡಗಿತು. ೧೯೩೩ರಲ್ಲಿ ಭಾರತ ಸರ್ಕಾರ ಬ್ರಿಟನ್ನಿನದಲ್ಲದ ಪರದೇಶೀ ಬಟ್ಟೆಯ ಮೇಲಿನ ಸುಂಕವನ್ನು ನೂರಕ್ಕೆ ೭೫ಕ್ಕೆ ಏರಿಸಿದಾಗ ಜಪಾನಿನ ಗಿರಣಿಗಳು ಒಟ್ಟಾಗಿ ನಮ್ಮ ಹತ್ತಿಯನ್ನು ಕೊಳ್ಳುವುದನ್ನೇ ನಿಲ್ಲಿಸಿದವು. ೧೯೩೪ರ ಒಪ್ಪಂದದಂತೆ ಅವರು ೧೦ ಲಕ್ಷ ಬೇಲು ಹತ್ತಿ ಕೊಂಡರೆ ನಾವು ೩೨.೫ ಕೋಟಿ ಗಜ ಬಟ್ಟೆಯನ್ನು ಒಳಗೆ ಬಿಡಬೇಕೆಂದಾಯಿತು. ನಲವತ್ತು ವರ್ಷಗಳ ಹಿಂದೆ ಹಡಗನ್ನು ಉಳಿಸಿದ ಅದೇ ಒಗ್ಗಟ್ಟು ಇಲ್ಲಿಯೂ ಕೆಲಸ ಮಾಡಿತು. ಪೂರ್ವದೇಶಗಳಲ್ಲಿದ್ದ ಟಾಟಾ ಮನೆತನದ ವ್ಯಾಪಾರ ಸಂಸ್ಥೆಯಾದರೋ ೧೯೩೦ರ ದಶಕದ ಆರಂಭದ ಮುಗ್ಗಟ್ಟಿನಲ್ಲಿ ಮುಚ್ಚಿಹೋಯಿತು.

ಜಪಾನಿನ ವ್ಯಾಪಾರ ಸಂಸ್ಥೆಗಳ ಚರಿತ್ರೆಯೆಲ್ಲ ಹೊಗಳತಕ್ಕದ್ದೇ ಎಂದು ನನ್ನ ಅಭಿಪ್ರಾಯವಲ್ಲ. ಅವು ತಮ್ಮ ದೇಶದ ಯುದ್ಧದಾಹಕ್ಕೆ ಜೊತೆಯಾದುವು; ಚೀನಾ, ಕೊರಿಯಾಗಳ ಜನ ಅದರ ಫಲವನ್ನುಂಡರು. ಯುದ್ಧದಲ್ಲಿ ಸೋತ ಮೇಲೆ ೧೯೪೭ರಲ್ಲಿ ವಿಜೇತರ ಆಜ್ಞೆಯಿಂದ ಮಿತ್ಸುಯಿ, ಮಿತ್ಸುಬಿಷಿಗಳ ವ್ಯಾಪಾರ ಸಂಸ್ಥೆಗಳು ನೂರಾರು ತುಂಡುಗಳಾದುವು. ಆ ತುಂಡುಗಳು ಮತ್ತೆ ಕೂಡಿಕೊಂಡು ಮಿತ್ಸುಬಿಷಿ ೧೯೫೪ರಲ್ಲಿಯೂ ಮಿತ್ಸುಯಿ ೧೯೫೯ರಲ್ಲಿಯೂ ಮರಳಿ ಒಂದಾದುವು. ೧೯೬೦ರ ದಶಕದಲ್ಲಿ ಅಲ್ಲಿಯ ಪಂಡಿತರು ಇವುಗಳ ಕಾಲ ಮುಗಿಯಿತೆಂದರು. ಕಾರ್ಖಾನೆಗಳೇ ನೇರವಾಗಿ ಪರದೇಶಕ್ಕೆ ಮಾರಬಲ್ಲುವಾದಮೇಲೆ ನಡುವಣ ವರ್ತಕನೇಕೆ ಎಂಬುದು ಅವರ ತರ್ಕ. ತರ್ಕ ಸರಿಯಾಗಿಯೇ ಇದ್ದಿತು. ಆದರೆ ವರ್ತಕರು ಇದ್ದಂತೆಯೇ ಇರಲಿಲ್ಲ. ಕೊಡುಕೊಳ್ಳುವ ಕಮಿಷನ್ನಿನಿಂದ ಬದುಕುವುದನ್ನು ಕಡಮೆ ಮಾಡಿ, ಗಣಿ, ಅನಿಲ, ವಿದ್ಯುತ್ತು, ಆಹಾರ, ಅಂಗಡಿಗಳಲ್ಲಿ ಬಂಡವಾಳ ಹೂಡಿ ಪಾಲುದಾರರಾದರು. ಮಿತ್ಸುಯಿ ಸಂಸ್ಥೆ ೧೯೯೬ರಿಂದ ೨೦೦೭ರವರೆಗೆ ಸೇಸಾ ಗೋವಾ ಕಂಪನಿಯ ಒಡೆತನ ಹೊಂದಿತ್ತು; ನಮ್ಮ ಚಿತ್ರದುರ್ಗದ ಅದಿರಿನ ಗಣಿಯೂ ಆ ಕಂಪನಿಯದೇ. ಇಂದು ನಮ್ಮ ಬೆಂಗಳೂರಿನ ಸಕ್ರಾ ಆಸ್ಪತ್ರೆಯ ಒಡೆಯರಲ್ಲಿ ಟೊಯೋಟಾ ತ್ಸೂಶೋ ಎಂಬ ವ್ಯಾಪಾರ ಸಂಸ್ಥೆಯೂ ಒಂದು. ಹತ್ತಿಯ ಮೂಟೆಯಿಂದ ರೋಗಿಯ ಹಾಸಿಗೆಯವರೆಗೆ ಬಂದ ಈ ದಾರಿ ಸಣ್ಣದಲ್ಲ.

ಇವುಗಳ ಮುಂದಿನ ಗತಿಯೇನು? ೨೦೧೫ನೆಯ ಆರ್ಥಿಕ ವರ್ಷದಲ್ಲಿ ಖನಿಜಗಳ ಬೆಲೆ ಕುಸಿದಾಗ ಮಿತ್ಸುಬಿಷಿ, ಮಿತ್ಸುಯಿ ಎರಡೂ ನಷ್ಟ ಕಂಡವು. ೨೦೨೦ರಲ್ಲಿ ಅಮೆರಿಕದ ಬರ್ಕ್‌ಷೈರ್ ಹ್ಯಾಥವೇ ಸಂಸ್ಥೆ ಇತೋಚು, ಮರುಬೇನಿ, ಮಿತ್ಸುಬಿಷಿ, ಮಿತ್ಸುಯಿ, ಸುಮಿತೊಮೊ ಈ ಐದರಲ್ಲಿಯೂ ನೂರಕ್ಕೆ ೫ಕ್ಕಿಂತ ಸ್ವಲ್ಪ ಹೆಚ್ಚು ಷೇರುಗಳನ್ನು ಕೊಂಡಿರುವುದಾಗಿ ಪ್ರಕಟಿಸಿದಾಗ ಮುದುಕರೆಂದು ಬದಿಗಿಟ್ಟಿದ್ದವರತ್ತ ಲೋಕ ಮತ್ತೆ ತಿರುಗಿ ನೋಡಿತು. ಕಲ್ಲಿದ್ದಲನ್ನು ಬಿಟ್ಟು ಗಾಳಿ, ಬಿಸಿಲುಗಳ ವಿದ್ಯುತ್ತಿನ ಕಡೆಗೆ ಅವು ಈಗ ಹೆಜ್ಜೆ ಹಾಕುತ್ತಿವೆ. ಅದಿರು, ಅನಿಲಗಳ ಬೆಲೆಯನ್ನೇ ನಂಬಿ ಕುಳಿತರೆ ಅವುಗಳಿಗೂ ಕಷ್ಟವೇ. ಸರಕು ಬದಲಾದರೂ ಸುದ್ದಿ, ಸಾಲ, ಸಾಗಣೆ, ನಂಬಿಕೆ ಈ ನಾಲ್ಕು ಕೈಯಲ್ಲಿರುವವರೆಗೆ ಅವು ಬಾಳಿಯಾವು ಎಂದು ನನ್ನ ಊಹೆ.

ಅವುಗಳ ಭವಿಷ್ಯಕ್ಕಿಂತ ನಮ್ಮದು ನನ್ನನ್ನು ಹೆಚ್ಚು ಕಾಡುತ್ತದೆ. ನನ್ನ ಸೋದರಮಾವ ಕನಕಪುರದ ಕಡೆ ರೇಷ್ಮೆಹುಳು ಸಾಕುವವರು. ರೋಗವಿಲ್ಲದ ಮೊಟ್ಟೆ ಇಂದು ಅವರಿಗೆ ಸುಲಭವಾಗಿ ದೊರೆಯುತ್ತದೆ. ೧೯೯೧ರಿಂದ ಜಪಾನಿನ ಸರ್ಕಾರಿ ನೆರವಿನಿಂದ ನಮ್ಮ ರಾಜ್ಯದಲ್ಲಿ ನಡೆದ ದ್ವಿತಳಿ ಯೋಜನೆಯ ಫಲವೂ ಅವರ ಕಡೆಯ ರೈತರನ್ನು ಮುಟ್ಟಿದೆ. ಜಮ್‌ಶೇಟ್‌ಜಿಯವರು ಹಚ್ಚಿದ ಆ ದೀಪ ಆರಿಲ್ಲವೆನ್ನಬಹುದು. ಆದರೆ ರಾಮನಗರದ ಮಾರುಕಟ್ಟೆಗೆ ಗೂಡು ಒಯ್ದಾಗ ಅಂದಿನ ದರವೇಕೆ ಇಳಿಯಿತು ಎಂಬುದನ್ನು ಮಾವ ತಿಳಿಯಲಾರರು. ಚೀನಾದ ರೇಷ್ಮೆ ಯಾವ ಬಂದರಿಗೆ ಬಂದಿತು, ಅದರ ಮೇಲಿನ ಸುಂಕವೆಷ್ಟು ಎಂಬ ಸುದ್ದಿ ಅವರ ಊರಿಗೆ ಬರುವುದು ಹರಾಜು ಮುಗಿದ ಮೇಲೆ. ನೆರೆಹೊರೆಯ ಹತ್ತು ಮಂದಿ ಸೇರಿ ಒಂದು ದರಕ್ಕೆ ನಿಲ್ಲೋಣವೆಂದು ಮಾತಾಡಿಕೊಂಡರೂ ಸಾಲದ ಕಂತು ಹತ್ತಿರ ಬಂದವರು ಮೊದಲು ಮಾರಿಬಿಡುತ್ತಾರೆ. ಅವರನ್ನು ದೂರುವುದೂ ನ್ಯಾಯವಲ್ಲ.

ಬೆಳೆಯುವ ವಿದ್ಯೆ ನಮಗೆ ಬಂದಿದೆ. ಕೂಡಿ ಮಾರುವ ವಿದ್ಯೆ ಇನ್ನೂ ಬಂದಿಲ್ಲ. ಹಾಲಿನ ವಿಷಯದಲ್ಲಿ ನಮ್ಮ ಹಳ್ಳಿಯ ಜನ ಸಹಕಾರ ಸಂಘ ಕಟ್ಟಿಕೊಂಡು ಅದನ್ನು ಸಾಧಿಸಿ ತೋರಿಸಿರುವುದರಿಂದ, ಇದು ನಮ್ಮವರ ಸ್ವಭಾವಕ್ಕೆ ಒಗ್ಗದ ಗುಣವೆಂದು ಹೇಳುವಂತಿಲ್ಲ. ವಾಣಿಜ್ಯ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಮಿತ್ರರು ಪದವಿಯ ನಂತರ ಯಾವುದಾದರೂ ಕಂಪನಿಯ ಬಾಗಿಲನ್ನೇ ಕಾಯಬೇಕಾಗಿಲ್ಲ. ಒಂದು ತಾಲ್ಲೂಕಿನ ರೈತರ ಪರವಾಗಿ ಸುದ್ದಿ ತರುವ, ಮುಂಗಡ ಕೊಡಿಸುವ, ಸರಕನ್ನು ಕೂಡಿಸಿ ಕಳುಹಿಸುವ ಚಿಕ್ಕ ಸಂಸ್ಥೆಯೊಂದನ್ನು ಕಟ್ಟಿದರೂ ಅದು ಸಾರ್ಥಕವಾದ ಉದ್ಯೋಗವೇ. ಮಿತ್ಸುಯಿ ಬುಸ್ಸಾನ್ ಆರಂಭವಾದಾಗ ಅದರಲ್ಲಿದ್ದ ಜನ ಒಂದು ತರಗತಿಯನ್ನೂ ತುಂಬುವಷ್ಟಿರಲಿಲ್ಲ. ಜಮ್‌ಶೇಟ್‌ಜಿಯವರು ಆರಂಭಿಸಿದ್ದಾದರೂ ೨೧,೦೦೦ ರೂಪಾಯಿಯಿಂದ. ಅವರಿಗೆ ಕೊರತೆಯಾದದ್ದು ಜೊತೆಗಾರರು; ಇಂದಿಗೂ ನಮ್ಮಲ್ಲಿ ಕೊರತೆಯಿರುವುದು ಅದರದೇ.